ಮಾಮೂಲಿ ಗಾಳಿಯ ಕೋಣೆ

ಹಲ್ಲುಜ್ಜುತ್ತ ತಾನು ಉಸಿರು ಹಿಡಿದು ನಿಂತಿದ್ದೇನೆಂಬುದು ಅವಳಿಗೆ ಹೊಳೆದದ್ದು ಕನ್ನಡಿಯಲ್ಲಿ ತನ್ನ ಮುಖ ಕೆಂಪಗಾದದ್ದನ್ನು ನೋಡಿದ ಮೇಲೆ. ಬಾಯಲ್ಲಿ ನೊರೆ, ಕೈಯಲ್ಲಿ ಬ್ರಷ್ಷು, ಎದೆಯೊಳಗೆ ಕಟ್ಟಿಹಾಕಿದ ಗಾಳಿ. ಬಿಟ್ಟಳು. ಕನ್ನಡಿ ಮಂಜಾಯಿತು. ಒರೆಸಲು ಕೈ ಎತ್ತಿದವಳಿಗೆ, ಯಾಕೆ ಒರೆಸಬೇಕು, ನನ್ನ ಮನೆಯ ಕನ್ನಡಿ, ನನ್ನ ಬಾಯಿಯ ಆವಿ, ಇದಕ್ಕೂ ಯಾರಾದರೂ ಬಂದು ಜವಾಬು ಕೇಳುತ್ತಾರೇನು ಎಂದು ರೇಗಿಹೋಯಿತು. ಎತ್ತಿದ ಕೈಯನ್ನು ಹಾಗೇ ಇಳಿಸಿದಳು. ಮಂಜು ಅಂಚಿನಿಂದ ತಾನಾಗಿ ಕರಗುತ್ತ ಬಂದು, ಮೊದಲು ಕಿವಿ, ಆಮೇಲೆ ಕೆನ್ನೆ, ಕೊನೆಗೆ ಬಾಯಿ ಕಾಣಿಸಿತು. ಬಾಯಿ ಮುಚ್ಚಿಯೇ ಇತ್ತು.

ಹೊರಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. "ಏನೇ, ಒಳಗೇ ನಿದ್ದೆ ಹೋದ್ಯಾ?" ಎಂದ ಗಂಡ.

"ಉಸಿರಾಡ್ತಾ ಇದೀನಿ."

"ಅದಕ್ಕೆ ಬಾಗ್ಲು ಬೇರೆ ಹಾಕ್ಕೋಬೇಕಾ?"

ಗಂಡ ದರ್ಜಿ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುವುದು ಅವನಿಗೆ ರೂಢಿ. ನಿನ್ನೆ ಸಂಜೆ ವಿಷಯ ಹೇಳಿದಾಗ ಸೂಜಿ ತೆಗೆದಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅಲ್ಲ ಕಣೇ, ಕದ್ಲು ಅನ್ಲಿ, ಮುರಿದ್ಲು ಅನ್ಲಿ, ಬೇಕಾದ್ರೆ ಸೋಮಾರಿ ಅನ್ಲಿ. ಉಸಿರಾಡಿದ್ಲು ಅಂತಾರಾ? ಇದ್ಯಾವ ಸೀಮೆ ತಪ್ಪು?" ಅವನು ನಕ್ಕದ್ದು ಅವಳ ಪರವಾಗಿಯೇ. ಆದರೂ ಆ ನಗು ಅವಳಿಗೆ ಚುಚ್ಚಿತು. ನಗುವಂಥ ತಪ್ಪು ಹೊರಿಸಿಕೊಂಡವಳ ಪಾಡು ಎಂಥದೆಂದು ನಗುವವನಿಗೆ ಗೊತ್ತಾಗುವುದಿಲ್ಲ. ಕಳ್ಳಿ ಎಂದಿದ್ದರೆ ಕೂಗಾಡಬಹುದಿತ್ತು. ಉಸಿರಾಡಿದೆ ಎಂದರೆ ಇಲ್ಲ ಎಂದು ಯಾವ ಬಾಯಲ್ಲಿ ಹೇಳುವುದು? ಹೇಳಲಿಕ್ಕೂ ಉಸಿರೇ ಬೇಕು. ತಾನು ಕಣ್ಣಾರೆ ಕಂಡ ಇನ್ನೊಂದನ್ನು ಅವಳು ಗಂಡನಿಗೂ ಹೇಳಿರಲಿಲ್ಲ.

ಅವಳ ಕೆಲಸ ಎಲೆ ಕತ್ತರಿಸುವುದು. ಊರಾಚೆಯ ಸಂಶೋಧನಾಲಯದಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಎಂದೇ ಕರೆಯುತ್ತಾರೆ. ಅಲ್ಲಿ ನೆಲಮಾಳಿಗೆಯಲ್ಲಿ ಅಕ್ಕಪಕ್ಕ ಎರಡು ಕೋಣೆಗಳಿವೆ. ಎರಡರಲ್ಲೂ ಒಂದೇ ಬೀಜದ ಹುರುಳಿಕಾಯಿ ಗಿಡ, ಒಂದೇ ಮಣ್ಣು, ಒಂದೇ ಅಳತೆಯ ನೀರು, ಕಣ್ಣು ಕುಕ್ಕುವ ಒಂದೇ ಥರದ ದೀಪ. ವ್ಯತ್ಯಾಸ ಗಾಳಿಯದು ಮಾತ್ರ. ಒಂದು ಕೋಣೆಗೆ ಹೊರಗಿನ ಸಿಲಿಂಡರಿನಿಂದ ಇಂಗಾಲದ ಗಾಳಿಯನ್ನು ಹೆಚ್ಚಾಗಿ ಬಿಡುತ್ತಾರೆ, ಮುಂದೆ ಲೋಕದ ಗಾಳಿ ಹೇಗಾಗಲಿದೆಯೋ ಹಾಗೆ. ಅದು ಹೆಚ್ಚಿನ ಕೋಣೆ. ಇನ್ನೊಂದಕ್ಕೆ ಈಗಿನ ಗಾಳಿ. ಅದು ಮಾಮೂಲಿ ಕೋಣೆ. ಮನುಷ್ಯ ಹೊರಬಿಡುವ ಉಸಿರಿನಲ್ಲಿ ಇರುವುದೂ ಅದೇ ಇಂಗಾಲದ ಗಾಳಿ, ಅದೂ ಹೆಚ್ಚಿನ ಕೋಣೆಯಲ್ಲಿ ಇರುವುದಕ್ಕಿಂತ ಎಷ್ಟೋ ಪಾಲು ದಟ್ಟವಾಗಿ. ಆದ್ದರಿಂದ ಮಾಮೂಲಿ ಕೋಣೆಗೆ ಹೋಗುವವರು ಬಾಗಿಲಾಚೆಯೇ ಎದೆ ತುಂಬ ಗಾಳಿ ಎಳೆದುಕೊಂಡು, ಬಾಯಿ ಮುಚ್ಚಿ, ಒಳಗೆ ಹೋಗಿ, ಎಲೆ ಕತ್ತರಿಸಿ, ಕತ್ತರಿಸಿದ ಮರುಗಳಿಗೆ ಅದನ್ನು ಹೊಗೆಯಾಡುವ ಫ್ಲಾಸ್ಕಿನೊಳಗಿನ ಕಡುಶೀತದ ದ್ರವದಲ್ಲಿ ಅದ್ದಿ, ಹೊರಬಂದು ಬಾಗಿಲು ಹಾಕಿ, ಆಮೇಲೆ ಉಸಿರು ಬಿಡಬೇಕು. ಒಂದೇ ಉಸಿರಿನ ಕೆಲಸ. ಇದನ್ನು ಅವಳಷ್ಟು ಚೆನ್ನಾಗಿ ಮಾಡುವವರು ಅಲ್ಲಿ ಯಾರೂ ಇರಲಿಲ್ಲ. ಅದು ವಿದ್ಯೆಯೇನಲ್ಲ. ಚಿಕ್ಕಂದಿನಲ್ಲೇ ರೂಢಿಯಾದದ್ದು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅಪ್ಪ ನೆನಪಾದ. ಅಪ್ಪ ಗಿರಣಿಯಲ್ಲಿ ರಾತ್ರಿ ಪಾಳಿಯವನು, ಹಗಲು ಮಲಗುವವನು. ಇದ್ದದ್ದು ಒಂದೇ ಕೋಣೆ. ಅಪ್ಪ ಮಲಗಿದನೆಂದರೆ ಅಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡೇ ಮನೆಗೆಲಸ ಮಾಡುತ್ತಿದ್ದಳು. ಪಾತ್ರೆ ಬಟ್ಟೆಯ ಮೇಲೆ ಇಳಿಯುತ್ತಿತ್ತು, ಬಾಗಿಲಿನ ಚಿಲಕಕ್ಕೆ ಚಿಂದಿ ಸುತ್ತಿತ್ತು. ಅವಳೂ ಅಣ್ಣನೂ ಮೇಜಿನ ಕೆಳಗೆ ಮೊಣಕಾಲು ತಬ್ಬಿಕೊಂಡು ಕೂರುತ್ತಿದ್ದರು. ಅಣ್ಣನಿಗೆ ಉಬ್ಬಸ. ಅವನು ಸುಮ್ಮನೆ ಕೂತರೂ ಎದೆಯೊಳಗೆ ಬೆಕ್ಕಿನಮರಿಯೊಂದು ಅಳುತ್ತಿತ್ತು. ಒಂದು ದಿನ ಅಪ್ಪ ಕಣ್ಣು ತೆರೆಯದೆಯೇ, "ಯಾವುದದು ಉಸಿರಾಡ್ತಾ ಇರೋದು" ಎಂದು ಗುಡುಗಿದ. ಅಮ್ಮ ಅಣ್ಣನನ್ನು ನೋಡಿದಳು, ಆಮೇಲೆ ಇವಳನ್ನು ನೋಡಿದಳು. ನೋಡಿದಳು ಅಷ್ಟೆ. ಇವಳು ಮೇಜಿನ ಕೆಳಗಿನಿಂದ ಈಚೆ ಬಂದು ನಿಂತಳು. ಏಟು ತಿಂದಮೇಲೆ ಅಮ್ಮ ತಲೆ ಸವರಿ, "ನಿನಗೆ ತಡ್ಕೊಳ್ಳೋ ಶಕ್ತಿ ಇದೆ ಕಂದ, ಅವನಿಗಿಲ್ಲ" ಎಂದಳು. ಆ ಸವರಿಕೆ ಅವಳಿಗೆ ಆಗ ಬಹುಮಾನದ ಹಾಗಿತ್ತು. ಈಗ, ಇಷ್ಟು ವಯಸ್ಸಾದಮೇಲೆ, ಬಸ್ಸಿನ ಕಂಬಿ ಹಿಡಿದ ಕೈ ಬಿಗಿಯಾಯಿತು. ತಡೆದುಕೊಳ್ಳುವ ಶಕ್ತಿ ಇದೆ ಎಂದು ಮೊದಲು ಕಂಡುಹಿಡಿದವರು ಯಾರು? ಯಾರ ಅನುಕೂಲಕ್ಕೆ ಕಂಡುಹಿಡಿದದ್ದು?

ನಿನ್ನೆ ಬೆಳಿಗ್ಗೆ ಮೀಟಿಂಗಿನಲ್ಲೂ ಹೀಗೇ ಎಲ್ಲರೂ ಅವಳನ್ನು ನೋಡಿದರು. ಗೋಡೆಯ ಪರದೆಯ ಮೇಲೆ ಮಾಮೂಲಿ ಕೋಣೆಯ ಗಾಳಿಯಲ್ಲಿನ ಇಂಗಾಲದ ಗೆರೆ ಓಡುತ್ತಿತ್ತು. ನೆಟ್ಟಗೆ ಮಲಗಿರಬೇಕಾದ ಗೆರೆ ದಿನಾ ಮಧ್ಯಾಹ್ನಕ್ಕೆ ಮುಂಚೆ ಗೂನುಬೆನ್ನಾಗಿ ಎದ್ದು ಇಳಿಯುತ್ತಿತ್ತು. ದಿನವೂ ಒಂದೇ ಹೊತ್ತಿಗೆ, ಎಲೆ ಕತ್ತರಿಸುವ ಸಮಯಕ್ಕೆ ಸ್ವಲ್ಪ ಮೊದಲು. "ಯಾರೋ ಒಳಗೆ ಹೋಗಿ ಕೂರ್ತಾ ಇದಾರೆ" ಎಂದಳು ಎಲೆಹುಡುಗಿ. ಎಲೆಹುಡುಗಿ ಎಂದರೆ ಈ ಗಿಡಗಳ ಮೇಲೆಯೇ ಓದುತ್ತಿರುವವಳು. ಡಾಕ್ಟರೇಟು ಬರಬೇಕಾದ್ದೂ ಈ ಎಲೆಗಳಿಂದಲೇ. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿತ್ತು. "ಕೂತು ಉಸಿರಾಡ್ತಾರೆ, ಮಾತಾಡ್ತಾರೆ. ನನ್ನ ಎಲೆಗಳೆಲ್ಲ ಹಾಳಾಗಿವೆ. ನಾಳೆ ಸಂಜೆ ಅಷ್ಟೂ ಗಿಡ ಕಿತ್ತು ಬಿಸಾಕ್ಬೇಕು." ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಗ್ಯಾಸಿನ ಸಿಲಿಂಡರು ಬದಲಿಸುವವನು, ತಾನೂ ಸಿಲಿಂಡರಿನಂತೆಯೇ ಇರುವವನು, ಕುರ್ಚಿಯಲ್ಲಿ ಒರಗಿಕೊಂಡು, "ಮಧ್ಯಾಹ್ನದ ಹೊತ್ತು ಅಲ್ಲಿ ಹೋಗೋವ್ರು ಯಾರು ಸ್ವಾಮಿ? ಗಿಡ ಬಿಟ್ರೆ ನಮ್ಮ ಕತ್ತರಿಯಕ್ಕ. ದೀಪದ ಕೆಳಗೆ ಬೆಚ್ಚಗೆ ಇರತ್ತೆ, ಬೆನ್ನು ನೋವಿಗೆ ಒಳ್ಳೇದು" ಎಂದ. ಕೆಲವರು ನಕ್ಕರು. "ಬೇಕು ಅಂತ ಮಾಡಿರಲ್ಲ ಬಿಡಿ, ವಯಸ್ಸಾಯ್ತು" ಎಂದು ಇನ್ನೊಬ್ಬರು ಕರುಣೆ ತೋರಿಸಿದರು. ಆ ಕರುಣೆಗಿಂತ ಸಿಲಿಂಡರಿನವನ ಮಾತೇ ವಾಸಿಯಿತ್ತು. ಅವಳು ದೊಡ್ಡವರ ಕಡೆ ನೋಡಿದಳು. ದೊಡ್ಡವರು ಪೆನ್ನಿನ ಮುಚ್ಚಳ ಹಾಕುತ್ತಿದ್ದರು, ತೆಗೆಯುತ್ತಿದ್ದರು, ಹಾಕುತ್ತಿದ್ದರು.

ದೊಡ್ಡವರು ಆ ಸಂಸ್ಥೆಯ ಮುಖ್ಯಸ್ಥರು. ಅವಳನ್ನು ಕೆಲಸಕ್ಕೆ ತೆಗೆದುಕೊಂಡವರು. ಅವರಿಗೆ ಮಾತು ತೊದಲು. ಎದುರಿಗೆ ಒಂದು ಜೀವ ನಿಂತಿತೆಂದರೆ ಸಾಕು, ಯಾವುದೋ ಒಂದು ಪದದ ಮೊದಲ ಅಕ್ಷರದಲ್ಲೇ ನಾಲಿಗೆ ಕಚ್ಚಿಕೊಂಡುಬಿಡುತ್ತಿತ್ತು. ಬೇರೆಯವರು ಕಣ್ಣು ತಪ್ಪಿಸಿ ಗೋಡೆ ನೋಡುತ್ತಿದ್ದರು. ಅವಳು ಮಾತ್ರ, ಅವರಿಗೆ ನೋವಾಗದ ಹಾಗೆ, ಏನೂ ಆಗದವಳಂತೆ, ಆ ಪದವನ್ನು ಮೆಲ್ಲಗೆ ಎತ್ತಿಕೊಡುತ್ತಿದ್ದಳು. "ಫ್ಲಾ... ಫ್ಲಾ..." ಎಂದರೆ "ಫ್ಲಾಸ್ಕು ತುಂಬಿಸಿದೀನಿ ಸಾರ್". "ನೀ... ನೀ..." ಎಂದರೆ "ನೀರು ಆಗ್ಲೇ ಹಾಕಿದೆ". ಬಿದ್ದ ಕರವಸ್ತ್ರ ಎತ್ತಿಕೊಟ್ಟ ಹಾಗೆ. ಅವರ ಮುಖದಲ್ಲಿ ಆಗ ಸಣ್ಣದೊಂದು ನಿರಾಳ ಹಾಯುತ್ತಿತ್ತು, ಅದನ್ನು ನೋಡಿ ಅವಳಿಗೂ ಒಂದು ಬಗೆಯ ಹೆಮ್ಮೆಯಾಗುತ್ತಿತ್ತು. ಅವರು ಬೈಯುವಾಗಲೂ ಎಷ್ಟೋ ಸಲ ಬೈಗುಳವನ್ನು ಇವಳೇ ಎತ್ತಿಕೊಟ್ಟದ್ದುಂಟು.

ಮೀಟಿಂಗು ಮುಗಿದಮೇಲೆ, ಮಧ್ಯಾಹ್ನಕ್ಕೆ ಮುಂಚೆ, ಅವಳು ನೆಲಮಾಳಿಗೆಗೆ ಇಳಿದಿದ್ದಳು. ಯಾರೋ ಕೂರುತ್ತಾರಲ್ಲ, ಯಾರು ಎಂದು ನೋಡಿಯೇಬಿಡಬೇಕೆಂದು. ಮಾಮೂಲಿ ಕೋಣೆಯ ಬಾಗಿಲಿನಲ್ಲಿ ಅಂಗೈಯಗಲದ ಗಾಜು ಇದೆ. ಕಣ್ಣಿಟ್ಟಳು. ದೀಪಗಳ ಬಿಳಿ ಬೆಳಕಿನಲ್ಲಿ, ಗಿಡಗಳ ಸಾಲಿನ ನಡುವೆ, ದೊಡ್ಡವರು ನಿಂತಿದ್ದರು. ಕೈಯಲ್ಲಿ ಹಾಳೆಗಳು. ಫ್ಯಾನುಗಳ ಸದ್ದಿಗೆ ಮಾತು ಕೇಳಿಸಲಿಲ್ಲ, ತುಟಿ ಕಾಣಿಸಿತು. ತುಟಿ ಎಲ್ಲೂ ಕಚ್ಚಿಕೊಳ್ಳುತ್ತಿರಲಿಲ್ಲ. ನೀರು ಹರಿದ ಹಾಗೆ ಹರಿಯುತ್ತಿತ್ತು. ಕೈ ಎತ್ತುತ್ತಿದ್ದರು, ತಲೆ ಓಲಾಡಿಸುತ್ತಿದ್ದರು, ಒಮ್ಮೆ ನಕ್ಕರು ಕೂಡ, ಎದುರಿನ ಗಿಡಗಳು ನಗುವುದಕ್ಕೆ ಬಿಡುವು ಕೊಟ್ಟ ಹಾಗೆ ನಿಲ್ಲಿಸಿ ಮತ್ತೆ ಶುರುಮಾಡಿದರು. ನಾಡಿದ್ದು ಅವರದೊಂದು ದೊಡ್ಡ ಭಾಷಣವಿದೆ, ಹೊರಗಿನ ವಿದ್ವಾಂಸರೆಲ್ಲ ಬರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗಾಳಿಯಲ್ಲಿ ಇಂಗಾಲ ಹೆಚ್ಚಿದರೆ ಎಲೆಯ ಒಳಗೆ ಏನಾಗುತ್ತದೆ ಎಂಬುದೇ ಭಾಷಣದ ವಿಷಯ. ಅದನ್ನು ಎಲೆಗಳಿಗೇ ಹೇಳಿ ಕಲಿಯುತ್ತಿದ್ದರು. ಅವರು ಹೇಳುತ್ತಿದ್ದ ಹಾಗೇ ಎಲೆಯ ಒಳಗೆ ಅದೇ ಆಗುತ್ತಿತ್ತು.

ಅವಳಿಗೆ ಮೊದಲು ಬಂದದ್ದು ಕನಿಕರ. ಅಯ್ಯೋ ಪಾಪ, ಎಷ್ಟು ಚೆನ್ನಾಗಿ ಮಾತಾಡ್ತಾರೆ, ಎಂದುಕೊಂಡಳು. ಆ ಕನಿಕರದ ಬೆನ್ನಿಗೇ ಬೆಳಗಿನ ಪೆನ್ನಿನ ಮುಚ್ಚಳ ನೆನಪಾಯಿತು. ಟಕ್ಕು, ಟಕ್ಕು. ಕೆಂಡ ತುಳಿದವಳಂತೆ ಗಾಜಿನಿಂದ ಹಿಂದೆ ಸರಿದಳು. ಎಲ್ಲ ಗೊತ್ತಿದ್ದೂ ಟಕ್ಕು, ಟಕ್ಕು.

ಇವತ್ತು ಕೆಲಸಕ್ಕೆ ಬಂದಾಗ ಅವಳ ಕತ್ತರಿ ಮೊಳೆಯಲ್ಲಿರಲಿಲ್ಲ. ಬಾಗಿಲ ಹಿಂದಿನ ಆ ಮೊಳೆ ಅವಳೇ ಹೊಡೆದದ್ದು, ಅವಳ ಎತ್ತರಕ್ಕೆ. ಕತ್ತರಿಯ ಹಿಡಿಗೆ ಗಂಡ ಬಟ್ಟೆಯ ಪಟ್ಟಿ ಸುತ್ತಿಕೊಟ್ಟಿದ್ದ, ಬೆರಳಿಗೆ ಒತ್ತದಿರಲೆಂದು. ಖಾಲಿ ಮೊಳೆಯನ್ನು ನೋಡುತ್ತ ನಿಂತಾಗ ಎಲೆಹುಡುಗಿ ಹಿಂದಿನಿಂದ, "ಅಕ್ಕಾ, ಕತ್ತರಿ ನನ್ನ ಹತ್ರ ಇದೆ. ಇನ್ಮೇಲೆ ನಾನೇ ಕತ್ತರಿಸ್ಕೋತೀನಿ" ಎಂದಳು. ಸಿಟ್ಟಿನ ದನಿಯಲ್ಲ. ಸಿಟ್ಟಿದ್ದರೆ ಜಗಳವಾಡಬಹುದಿತ್ತು. ಅಪರಿಚಿತರಿಗೆ ದಾರಿ ಹೇಳುವ ದನಿ. ಇದೇ ಹುಡುಗಿ ಜ್ವರ ಬಂದಾಗ ಇವಳ ಮಡಿಲಲ್ಲಿ ತಲೆಯಿಟ್ಟು ಮಲಗಿದ್ದಳು. "ಇವತ್ತು ಅಯೋಡಿನ್ ಕೆಲಸ ಒಂದು ಮುಗಿಸಿಬಿಡಿ. ಹೇಗೂ ಕೊನೇದು."

ಅಯೋಡಿನ್ ಕೆಲಸ ಅವಳಿಗೆ ಇಷ್ಟದ್ದು. ಎಲೆಯನ್ನು ಬಿಸಿ ಮದ್ಯಸಾರದಲ್ಲಿ ಅದ್ದಿ ಹಸಿರನ್ನೆಲ್ಲ ಇಳಿಸುವುದು. ಎಲೆ ಹಳೆಯ ಕಾಗದದಂತೆ ಬಿಳಿಚಿಕೊಳ್ಳುತ್ತದೆ. ಆಮೇಲೆ ಅಯೋಡಿನ್ನಿನ ಕಂದು ನೀರಿಗೆ ಬಿಡುವುದು. ಎಲೆಯಲ್ಲಿ ಪಿಷ್ಟ ಎಷ್ಟಿದೆಯೋ ಅಷ್ಟು ಕಪ್ಪಾಗುತ್ತದೆ. ಮಾಮೂಲಿ ಕೋಣೆಯ ಎಲೆ ಮೋಡದ ಬಣ್ಣಕ್ಕೆ ತಿರುಗುತ್ತದೆ. ಹೆಚ್ಚಿನ ಕೋಣೆಯ ಎಲೆ ಕಾಡಿಗೆಯ ಕಪ್ಪಿಗೆ. ಮೊದಮೊದಲು ಆ ಕೋಣೆಯ ಗಿಡಗಳು ಹೇಗೆ ಕೊಬ್ಬಿ ಬೆಳೆದಿದ್ದವು. ಅಗಲವಾದ ದಪ್ಪ ಎಲೆ, ದಿನಕ್ಕೊಂದು ಚಿಗುರು. ನೋಡಲು ಬಂದವರು, ಆಹಾ, ಇಂಗಾಲ ಹೆಚ್ಚಾಗ್ಲಿ ಬಿಡಿ, ಊಟಕ್ಕೆ ಚಿಂತೆಯಿಲ್ಲ, ಎಂದು ನಕ್ಕು ಹೋಗುತ್ತಿದ್ದರು. ಆಮೇಲೆ ಬೆಳವಣಿಗೆಯ ಓಟ ನಿಧಾನವಾಯಿತು. ಯಾಕೆ ಎಂದು ಕೇಳಿದ್ದಕ್ಕೆ ಎಲೆಹುಡುಗಿ ಒಂದು ದಿನ ಮೇಜಿನ ಮೇಲೆ ಕಾಲಾಡಿಸುತ್ತ ಕೂತು ಹೇಳಿದ್ದಳು. "ತಿಂಡಿ ಜಾಸ್ತಿ ಆಯ್ತಕ್ಕಾ. ಎಲೆ ಮಾಡಿದ ಸಕ್ಕರೇನೆಲ್ಲ ಗಿಡ ಖರ್ಚು ಮಾಡಕ್ಕಾಗ್ದೆ ಎಲೇಲೇ ಪಿಷ್ಟ ಆಗಿ ರಾಶಿ ಬೀಳತ್ತೆ. ಉಗ್ರಾಣ ತುಂಬಿದ್ಮೇಲೆ ಅದು ಏನ್ಮಾಡತ್ತೆ ಗೊತ್ತಾ? ಗಾಳೀಲಿ ಇಂಗಾಲ ಹಿಡಿಯೋ ಕೈಗಳನ್ನೇ ಕೆಲಸದಿಂದ ತೆಗೆಯತ್ತೆ. ಎಲೆ ಕೆಳಗಿನ ಪುಟ್ಟ ಬಾಯಿಗಳನ್ನ ಅರ್ಧ ಮುಚ್ಕೊಳ್ಳತ್ತೆ. ನೋಡಕ್ಕೆ ದುಂಡಗೆ, ಒಳಗೆ ಸಾರ ಇಲ್ಲ. ಹುಳಕ್ಕೆ ಹಾಕಿ ನೋಡಿ, ಎರಡು ಪಾಲು ತಿಂದ್ರೂ ಹಸಿವು ಹೋಗಲ್ಲ."

"ಕೆಲಸದವ್ರನ್ನ ತೆಗೆಯೋದು ಎಲೆಗೂ ಗೊತ್ತು ಅನ್ನು" ಎಂದಿದ್ದಳು ಇವಳು, ಆಗ ತಮಾಷೆಗೆ.

"ಇನ್ನೂ ಒಂದಿದೆ. ಆ ಕೈ ಇದ್ಯಲ್ಲ, ಅದು ಸ್ವಲ್ಪ ಪೆದ್ದು. ಆಗಾಗ ಇಂಗಾಲ ಬಿಟ್ಟು ಆಮ್ಲಜನಕ ಹಿಡ್ಕೊಂಡ್ಬಿಡತ್ತೆ. ಹಿಡಿದಿದ್ದನ್ನ ಬಿಸಾಕೋ ಹಾಗಿಲ್ಲ, ಎಲೆಗೆ ನಂಜು. ಆ ತಪ್ಪು ತಿದ್ದೋಕೆ ಜೀವಕೋಶದ ಒಳಗೆ ಒಂದು ಮನೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡಾಡ್ಬೇಕು. ಎಲ್ರೂ ಅದನ್ನ ದಂಡದ ಕೆಲಸ ಅಂತಿದ್ರು. ಇಂಗಾಲ ಜಾಸ್ತಿ ಆದ್ರೆ ತಪ್ಪೂ ಕಮ್ಮಿ, ತಿದ್ದೋದೂ ಕಮ್ಮಿ, ಉಳಿತಾಯ ಅಂತ. ಆದ್ರೆ ಬೇರಿಂದ ಬಂದ ಸಾರ ಎಲೆಗೆ ಹತ್ತೋದೇ ಆ ತಿದ್ದೋ ಓಡಾಟದಲ್ಲಿ ಅಂತ ನನಗನ್ಸತ್ತೆ. ಅದು ನಿಂತ್ರೆ ಎಲೆ ಸೊರಗತ್ತೆ. ಅದನ್ನ ತೋರಿಸಿದ್ರೆ ನಾನು ಗೆದ್ದೆ." ಕಣ್ಣು ಮಿಂಚುತ್ತಿದ್ದವು. ಆ ತಿದ್ದುವ ಕೆಲಸದ ಗುರುತು ಮಾಮೂಲಿ ಕೋಣೆಯ ಎಲೆಯಲ್ಲಿ ಧಾರಾಳವಾಗಿ ಇರಬೇಕಿತ್ತು. ಎಲೆಯ ಹತ್ತಿರ ಯಾರಾದರೂ ಕೂತು ಉಸಿರಾಡಿದರೆ ಕ್ಷಣಮಾತ್ರದಲ್ಲಿ ಅದು ಇಳಿದುಹೋಗುತ್ತದೆ. ಈ ಸಲದ ಎಲೆಗಳಲ್ಲಿ ಇಳಿದುಹೋಗಿತ್ತು. ಎರಡು ಕೋಣೆಗೂ ಭೇದವೇ ಇಲ್ಲದ ಹಾಗೆ.

ಕಪ್ಪಾದ ಎಲೆಯೊಂದನ್ನು ಚಿಮುಟದಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದಾಗ ಸಿಲಿಂಡರಿನವನು ಬಾಗಿಲಲ್ಲಿ ತಲೆ ತೂರಿಸಿ, "ಕತ್ತರಿಯಕ್ಕಾ, ದೊಡ್ಡವ್ರು ಕರೀತಾರೆ. ಮೆಲ್ಲಗೆ ಉಸಿರು ಬಿಡ್ತಾ ಹೋಗು, ದಾರೀಲಿ ಗಿಡಗಳಿವೆ" ಎಂದ. ಅವಳು ಎಲೆಯನ್ನು ನಿಧಾನವಾಗಿ ತಟ್ಟೆಗಿಳಿಸಿ, "ನಿನ್ನ ಬಾಯಿಗೂ ಒಂದು ತಿರುಪು ಹಾಕಿಸ್ಕೊಳ್ಳಪ್ಪ, ಸೋರ್ತಾ ಇದೆ" ಎಂದಳು. ಕೈ ಒರೆಸಿಕೊಂಡಳು. ಬೆರಳುಗಳ ಕಂದುಬಣ್ಣ ಹೋಗಲಿಲ್ಲ.

ದೊಡ್ಡವರ ಕೋಣೆಯಲ್ಲಿ ಪರದೆಗಳನ್ನು ಅರ್ಧ ಎಳೆದಿದ್ದರು. ಕೂತುಕೋ ಎಂದು ಕೈ ತೋರಿಸಿದರು. ಎಂದೂ ತೋರಿಸದವರು. ಆ ಕುರ್ಚಿಯ ಮೆತ್ತೆಯಲ್ಲಿ ಮುಳುಗಿ ಕೂತಾಗಲೇ ಅವಳಿಗೆ ತಾನೇನನ್ನೋ ಒಪ್ಪಿಕೊಂಡುಬಿಟ್ಟ ಹಾಗೆ ಅನಿಸಿತು. ಅವರು ಎದ್ದು ಕಿಟಕಿಯ ಹತ್ತಿರ ಹೋದರು, ಬಂದರು. ನಿನ್ನೆ ಗಾಜಿನ ಹತ್ತಿರ ಅವಳ ನೆರಳನ್ನು ಅವರು ನೋಡಿದ್ದಾರೆ ಎಂದು ಅವಳಿಗೆ ಅವರ ಬೆನ್ನು ನೋಡಿಯೇ ತಿಳಿಯಿತು.

"ನೀನು ನೋ... ನೋ..."

"ನೋಡಿದೆ ಸಾರ್."

ಅವರು ತಲೆ ತಗ್ಗಿಸಿದರು. "ಫ್ಯಾನು ಎಳ್ಕೊಂಡು ಹೋಗುತ್ತೆ ಅಂತ ಅಂ... ಅಂ..."

"ಅಂದ್ಕೊಂಡಿದ್ರಿ."

"ಹೂಂ. ನನಗೆ ಇನ್ನೆಲ್ಲೂ ಮಾತು ಬರಲ್ಲ. ಮನೇಲೂ ಇಲ್ಲ. ಅಲ್ಲಿ ಮಾತ್ರ. ಇದು ಹೊರಗೆ ಗೊತ್ತಾದ್ರೆ, ಆ ಹುಡುಗೀಗೆ, ಬರೋ ಜನಕ್ಕೆ, ನಾನು ಮು... ಮು..."

"ಮುಖ ತೋರಿಸೋ ಹಾಗಿಲ್ಲ."

"ನಿನಗೆ ಏನೂ ಆಗಲ್ಲ. ನಾನು ನೋಡ್ಕೋತೀನಿ. ಸಂಜೆ ಗಿಡ ತೆಗೆಯೋವಾಗ ಎಲ್ರೂ ಇರ್ತಾರೆ. ಆಗ ಒಂದು ಮಾತು, ನೀನು ಒ... ಒ..."

"ಒಪ್ಕೋಬೇಕಾ ಸಾರ್?"

ಆ ಮಾತು ತನ್ನ ಬಾಯಿಂದ ಹೊರಬಿದ್ದು ಮೇಜಿನ ಮೇಲೆ ಕೂತದ್ದನ್ನು ಅವಳು ಕಂಡಳು. ಅವರ ಮುಖದಲ್ಲಿ ಆ ಹಳೆಯ ನಿರಾಳ ಹಾದುಹೋಯಿತು. ಅವಳಿಗೆ ಮೈಯೆಲ್ಲ ಉರಿಯಿತು, ಅವರ ಮೇಲಲ್ಲ, ತನ್ನ ನಾಲಿಗೆಯ ಮೇಲೆ. ಇಷ್ಟು ವರ್ಷ ಕರವಸ್ತ್ರ ಎತ್ತಿಕೊಟ್ಟೂ ಎತ್ತಿಕೊಟ್ಟೂ, ಇವತ್ತು ತನ್ನ ಕುತ್ತಿಗೆಗೆ ಬೇಕಾದ ಹಗ್ಗವನ್ನೂ ಅಷ್ಟೇ ಮೃದುವಾಗಿ, ಅಷ್ಟೇ ಮರ್ಯಾದೆಯಿಂದ ಎತ್ತಿಕೊಟ್ಟಿದ್ದಳು.

"ನಿನಗೆ ತಡ್ಕೊಳ್ಳೋ..." ಎಂದು ಅವರು ಶುರುಮಾಡಿದರು. ಈ ಸಲ ನಾಲಿಗೆ ಕಚ್ಚಿಕೊಂಡಿತೋ ಇಲ್ಲವೋ, ಅವಳು ಕೇಳುವಷ್ಟು ಹೊತ್ತು ಕೂರಲಿಲ್ಲ. ಎದ್ದು ಹೊರಗೆ ಬಂದಳು. ಕಾರಿಡಾರಿನಲ್ಲಿ ಗೋಡೆಗೆ ಕೈಯೂರಿ ನಿಂತಾಗ ಮತ್ತೆ ಉಸಿರು ಕಟ್ಟಿತ್ತು. ಅಮ್ಮ, ನೀನು ಆವತ್ತು ಬಾಯಿಬಿಟ್ಟು ಕೇಳಲೇ ಇಲ್ಲವಲ್ಲ, ಕಣ್ಣಲ್ಲೇ ಕೇಳಿದೆಯಲ್ಲ, ಕೇಳಿದ್ದರೆ ನಾನು ಇಲ್ಲ ಎನ್ನಬಹುದಿತ್ತು ಎಂದು ಅವಳು ಸುಣ್ಣದ ಗೋಡೆಗೆ ಹೇಳಿದಳು. ಅಣ್ಣನ ಎದೆಯ ಬೆಕ್ಕಿನಮರಿ ಅತ್ತಿತು. ಅವನಾದರೂ ಮಗು. ಅವನಿಗಾದರೂ ಉಬ್ಬಸ. ಇವರಿಗೂ ಒಂದು ಥರ ಉಬ್ಬಸವೇ ಅಲ್ಲವೇ ಎಂದು ಮನಸ್ಸು ಮತ್ತೆ ಕನಿಕರದ ಕಡೆ ಜಾರಹೊರಟಿತು. ಅವಳು ಅದನ್ನು ರಟ್ಟೆ ಹಿಡಿದು ಎಳೆದಳು. ಕನಿಕರ ತೋರಿಸುವುದು ಯಾವಾಗಲೂ ನಾನೇ ಆಗಬೇಕೇ? ನನ್ನ ಮೇಲೆ ತಪ್ಪು ಹೊರಿಸುವಾಗ ಯಾರ ನಾಲಿಗೆ ತೊದಲಿತು? ಬೆನ್ನು ಬೆಚ್ಚಗೆ ಮಾಡಿಕೊಳ್ಳಲು ಕೂತಳು ಎಂದು ನಗುವಾಗ ಎಲ್ಲರ ಮಾತೂ ಸರಾಗವಾಗಿತ್ತು.

ಮಧ್ಯಾಹ್ನವಾಗುತ್ತ ಬಂತು. ಬಿಸಾಕುವ ಗಿಡಗಳು ತಾನೇ, ಇನ್ನು ಯಾರು ಬರುತ್ತಾರೆ, ಭಾಷಣ ಹತ್ತಿರವಿದೆ, ಕೊನೆಯ ಸಲ ಹೋಗಿ ಬರೋಣ ಎಂದು ಅವರು ಹೋಗೇ ಹೋಗುತ್ತಾರೆಂದು ಅವಳಿಗೆ ಗೊತ್ತಿತ್ತು. ಮೆಟ್ಟಿಲಿಳಿದಳು. ಗಾಜಿನಲ್ಲಿ ಕಣ್ಣಿಡಲಿಲ್ಲ. ಬಾಗಿಲ ಮುಂದೆ ನಿಂತಾಗ ಎದೆ ತಾನಾಗಿಯೇ ಗಾಳಿ ತುಂಬಿಕೊಂಡು ಬೀಗ ಹಾಕಿಕೊಂಡಿತು. ಹಳೆಯ ನಾಯಿ ಒಡೆಯನನ್ನು ಕಂಡು ಕೂತ ಹಾಗೆ. ಅವಳು ಆ ಗಾಳಿಯನ್ನು ಬೇಕೆಂದೇ ಬಿಟ್ಟಳು. ಆಮೇಲೆ ಬಾಗಿಲು ತೆಗೆದಳು.

ಅವರು ಬೆನ್ನು ಹಾಕಿ ನಿಂತಿದ್ದರು. "...ಹಾಗಾದರೆ ಎಲೆ ಈ ಸಮೃದ್ಧಿಯನ್ನು ಏನು ಮಾಡುತ್ತದೆ?" ಎನ್ನುತ್ತಿದ್ದರು, ತುಂಬುದನಿಯಲ್ಲಿ, ಒಂದು ಅಕ್ಷರವೂ ಮುರಿಯದೆ. ಎಷ್ಟು ಒಳ್ಳೆಯ ದನಿ ಅದು. ಇಷ್ಟು ವರ್ಷ ಒಮ್ಮೆಯೂ ಅವಳು ಕೇಳಿರಲಿಲ್ಲ. ಅದನ್ನು ಗಿಡಗಳಿಗೆ ಎತ್ತಿಟ್ಟಿದ್ದರು. ಅವಳು ಮೂಲೆಯಲ್ಲಿದ್ದ ಕುಂಡದ ಪೆಟ್ಟಿಗೆಯನ್ನು ಬೋರಲು ಹಾಕಿ, ನೆಲದ ಮೇಲೆ ಸದ್ದಾಗುವ ಹಾಗೆ ಎಳೆದುಕೊಂಡು, ಗಿಡಗಳ ಸಾಲಿನ ನಡುವೆ ಕೂತಳು. ಅವರು ತಿರುಗಿದರು. ಹಾಳೆಗಳನ್ನು ಎದೆಗೆ ಒತ್ತಿಕೊಂಡರು.

"ನೀ... ನೀ..."

ಅವಳು ಮೂಗಿನಿಂದ ಎಳೆದುಕೊಂಡಳು, ಬಾಯಿಂದ ಬಿಟ್ಟಳು. ಆ ಕೋಣೆಯ ಗಾಳಿಗೆ ಒಂದು ವಾಸನೆಯಿದೆ ಎಂದು ಅವಳಿಗೆ ಆಗಲೇ ತಿಳಿದದ್ದು. ಒದ್ದೆ ಮಣ್ಣು, ಬಿಸಿಯಾದ ದೀಪದ ಗಾಜು, ಎಲೆಯ ಹಸಿ. ಎಷ್ಟು ಸಾವಿರ ಸಲ ಬಂದುಹೋದ ಜಾಗ, ಒಮ್ಮೆಯೂ ಮೂಸಿರಲಿಲ್ಲ.

"ಹೇಳಿ ಸಾರ್" ಎಂದಳು. "ಎಲೆಗೆ ಹೇಳಿದ್ದನ್ನ ನನಗೂ ಹೇಳಿ. ಏನ್ಮಾಡುತ್ತೆ ಅದು?"

"ಹೊ... ಹೊ..." ಅವರ ಕೈ ಬಾಗಿಲ ಕಡೆ ತೋರಿಸಿತು. ಹೊರಗೆ ಹೋಗು ಎಂಬುದು ಅದು. ಪದ ಅವಳ ನಾಲಿಗೆಯ ತುದಿಗೆ ಬಂದು ನಿಂತಿತು, ಬಡಿಸಲು ಎತ್ತಿದ ಸೌಟಿನ ಹಾಗೆ. ನುಂಗಿಕೊಂಡಳು. ಹಣೆಯ ಮೇಲೆ ಅವರಿಗೆ ಬೆವರು. ಅವಳ ಹಣೆಯ ಮೇಲೂ.

ಬಾಗಿಲು ತೆರೆಯಿತು. ಎಲೆಹುಡುಗಿ. ಒಂದು ಕೈಯಲ್ಲಿ ಹೊಗೆಯಾಡುವ ಫ್ಲಾಸ್ಕು, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಕತ್ತರಿ. ಬಿಸಾಕುವ ಗಿಡಗಳಾದರೂ ಕೊನೆಯದಾಗಿ ಒಂದಷ್ಟು ಎಲೆ ಕತ್ತರಿಸಿಟ್ಟುಕೊಳ್ಳದೆ ಇರಲು ಆಗಿಲ್ಲ ಅವಳಿಗೆ. ನಿಯಮದ ಪ್ರಕಾರ ಉಸಿರು ಹಿಡಿದೇ ಬಂದಿದ್ದಳು. ಕೆನ್ನೆ ಎರಡೂ ಉಬ್ಬಿದ್ದವು. ಆ ಉಬ್ಬಿದ ಕೆನ್ನೆಯ ಮೇಲಿನ ಕಣ್ಣುಗಳು ಪೆಟ್ಟಿಗೆಯ ಮೇಲೆ ಕೂತ ಕತ್ತರಿಯಕ್ಕನನ್ನು ನೋಡಿದವು, ಕಂಡೆಯಾ, ಸಿಕ್ಕಿಬಿದ್ದೆ, ಎನ್ನುವ ಹಾಗೆ. ಆಮೇಲೆ ದೊಡ್ಡವರನ್ನು ನೋಡಿದವು. ಅವರ ಕೈಯ ಹಾಳೆಗಳನ್ನು. ಗಿಡಗಳ ನಡುವೆ ಅವರ ಕಾಲಿನ ಕೆಳಗೆ, ಓಡಾಡಿ ಓಡಾಡಿ ಧೂಳು ಸವೆದು ನುಣುಪಾದ ಜಾಗವನ್ನು. ಮತ್ತೆ ಅವರ ಮುಖವನ್ನು. ಬಾಯಿ ತೆರೆಯುವ ಹಾಗಿಲ್ಲ. ಕಣ್ಣಲ್ಲೇ ಕೇಳಿದಳು.

ದೊಡ್ಡವರು ಬಾಯಿ ತೆರೆದರು. "ನಾ..." ಎಂದರು. "ನಾ... ನಾ..."

ಮತ್ತೆ ಕತ್ತರಿಯಕ್ಕನ ಕಡೆ ತಿರುಗಿದರು. ಇಷ್ಟು ವರ್ಷ ತಿರುಗಿದ ಹಾಗೆಯೇ, ಮಗು ಕೈಚಾಚಿದ ಹಾಗೆ. ಎಂಥ ಸಣ್ಣ ಪದ ಅದು. ಎತ್ತಿಕೊಡಲು ಏನೂ ಭಾರವಿಲ್ಲ. ಅವಳು ಅವರ ಕಣ್ಣಿಗೆ ಕಣ್ಣು ಕೊಟ್ಟು ಕೂತಳು. ಮೂಗಿನಿಂದ ಎಳೆದುಕೊಂಡಳು, ಬಾಯಿಂದ ಬಿಟ್ಟಳು. ಪಕ್ಕದ ಎಲೆಯೊಂದು ಆ ಗಾಳಿಗೆ ಅಲುಗಿತು. ಎಲೆಹುಡುಗಿಯ ಮುಖ ಕೆಂಪಾಯಿತು, ಕಿವಿ ಕೆಂಪಾಯಿತು, ಕುತ್ತಿಗೆಯ ನರ ಎದ್ದಿತು. ಕೊನೆಗೆ ತಡೆಯಲಾರದೆ, ನೀರಿನಿಂದ ತಲೆ ಎತ್ತಿದವಳಂತೆ ಹಾ ಎಂದು ಉಸಿರು ಬಿಟ್ಟುಬಿಟ್ಟಳು, ತನ್ನದೇ ಗಿಡಗಳ ಮೇಲೆ, ಅವಳ ಓದೆಲ್ಲ ಬೇಡ ಎಂದಿದ್ದ ಜಾಗದಲ್ಲಿ. ಬಿಟ್ಟಮೇಲೂ ಏನೂ ಕೇಳಲಿಲ್ಲ. ಕೇಳುವುದು ಉಳಿದಿರಲಿಲ್ಲ. ಕತ್ತರಿ ಹಿಡಿದ ಅವಳ ಕೈ ಮಾತ್ರ ಮೆಲ್ಲಗೆ ಮುಂದೆ ಬಂತು.

ಕತ್ತರಿಯಕ್ಕ ಅದನ್ನು ತೆಗೆದುಕೊಂಡಳು. ಬಟ್ಟೆ ಸುತ್ತಿದ ಹಿಡಿಯೊಳಗೆ ಕಂದು ಬೆರಳುಗಳು ತಮ್ಮ ಜಾಗ ಹುಡುಕಿಕೊಂಡವು. ಮಡಿಲಲ್ಲಿಟ್ಟುಕೊಂಡು, ಕಾಲು ನೀಡಿ, ಬೆನ್ನನ್ನು ದೀಪಕ್ಕೆ ಒಡ್ಡಿದಳು. ದೀಪದ ಬಿಸಿ ಬೆನ್ನಿಗೆ ನಿಜವಾಗಿಯೂ ಹಿತವಾಗಿತ್ತು.

"ನಾ..." ಎಂದರು ದೊಡ್ಡವರು. "ನಾ..."

"ಹೇಳಿ ಸಾರ್" ಎಂದಳು ಅವಳು. "ನಿಧಾನವಾಗಿ ಹೇಳಿ. ನಮಗೇನೂ ಅವಸರ ಇಲ್ಲ."